ನೀರುಗಂಟಿಯ ಕೆಂಚುಕ್ಕಿ

ದೊಡ್ಡಹನುಮಯ್ಯನ ಎಡಗೈ ಮಣಿಕಟ್ಟಿನಲ್ಲಿ ನಲವತ್ತು ವರ್ಷಗಳಿಂದ ಗಡಿಯಾರ ಇದೆ. ಮೊದಲು ಕೀಲಿ ಕೊಡುವುದು, ಆಮೇಲೆ ಸೆಲ್ಲಿನದು, ಈಗ ಮಗ ತಂದುಕೊಟ್ಟ ದಪ್ಪ ಅಂಕಿಯದು. ಸ್ನಾನಕ್ಕೆ ಹೋಗುವಾಗ ಬಿಚ್ಚಿ ಗೂಡಿನಲ್ಲಿ ಇಡುತ್ತಾನೆ, ಮೈ ಒರೆಸಿಕೊಳ್ಳುವ ಮುಂಚೆಯೇ ಮತ್ತೆ ಕಟ್ಟಿಕೊಳ್ಳುತ್ತಾನೆ. "ಯಾವ ರೈಲು ತಪ್ಪೋಯ್ತದೋ ಇವ್ರಿಗೆ" ಎಂದು ಹೆಂಡತಿ ದೊಡ್ಡಲಕ್ಷ್ಮಮ್ಮ ವಾರಕ್ಕೊಂದು ಸಲವಾದರೂ ಅನ್ನುತ್ತಾಳೆ. ಅವನು ನಗುತ್ತಾನೆ. ಆ ನಗೆಯ ಹಿಂದೆ ಒಂದು ರಾತ್ರಿ ಇದೆ ಎಂಬುದು ಅವಳಿಗೆ ಮೊನ್ನೆ ಮೊನ್ನೆಯವರೆಗೂ ಗೊತ್ತಿರಲಿಲ್ಲ.

ಅವನದು ವಿರೂಪಾಕ್ಷಿಪುರದಿಂದ ಎರಡು ಮೈಲಿ ಒಳಗಿನ ಊರು. ಊರಿನವರಿಗೆ ಅವನು ಈಗಲೂ ನೀರುಗಂಟಿ. ಕೆರೆ ನೀರನ್ನು ತೂಬಿನಿಂದ ಬಿಟ್ಟು, ಕಾಲುವೆಯುದ್ದಕ್ಕೂ ನಡೆದು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಹಂಚುವ ಕೆಲಸ ಅವನ ವಂಶದ್ದು. ಈಗ ತೂಬಿನ ಕಬ್ಬಿಣ ತುಕ್ಕು ಹಿಡಿದು ಬಿಗಿದುಕೊಂಡಿದೆ. ಗದ್ದೆ ಬಯಲಿನಲ್ಲಿ ತೆಂಗು, ಹಿಪ್ಪುನೇರಳೆ, ಅಲ್ಲಲ್ಲಿ ಬೋರ್‌ವೆಲ್ಲಿನ ಪೆಟ್ಟಿಗೆ. ಸ್ವಿಚ್ಚು ಒತ್ತಿದರೆ ನೀರು ಬರುವ ಕಾಲದಲ್ಲಿ ನೀರುಗಂಟಿಯನ್ನು ಯಾರು ಕೇಳಬೇಕು? ಆದರೂ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರು "ನೀರುಗಂಟಿ ತಾತ ಬಂದ" ಎಂದೇ ಅನ್ನುತ್ತಾರೆ, ಅವನೂ ಆ ಹೆಸರಿಗೆ ಓಗೊಡುತ್ತಾನೆ.

ಹೋದ ಮೇ ತಿಂಗಳಲ್ಲಿ ಮಗ ಮಹೇಂದ್ರ ಬಂದ. ಕನಕಪುರದ ಹೈಸ್ಕೂಲೊಂದರಲ್ಲಿ ಅವನು ವಿಜ್ಞಾನದ ಮೇಷ್ಟ್ರು. ಉಂಡಾದ ಮೇಲೆ ತಾರಸಿಯ ಮೇಲೆ ಚಾಪೆ ಹಾಸಿಕೊಂಡು ಇಬ್ಬರೂ ಒರಗಿದ್ದಾಗ ಮಗ ಸಂಕೋಚದಿಂದ ವಿಷಯ ತೆಗೆದ.

"ಅಪ್ಪ, ಬೇಸಿಗೆ ಶಿಬಿರ ಮುಗಿಯೋ ದಿನ ಮಕ್ಕಳಿಗೆ ಆಕಾಶ ತೋರಿಸಬೇಕು. ಪುಸ್ತಕದಲ್ಲಾದರೆ ಚುಕ್ಕಿಯಿಂದ ಚುಕ್ಕಿಗೆ ಗೆರೆ ಎಳೆದಿರ್ತಾರೆ. ಮೇಲೆ ನೋಡಿದ್ರೆ ಯಾವ ಗೆರೇನೂ ಇಲ್ಲ. ನಂಗೆ ಸಪ್ತರ್ಷಿ ಮಂಡಲ ಬಿಟ್ರೆ ಇನ್ನೇನೂ ಗೊತ್ತಾಗಲ್ಲ. ನೀನು ಹೇಳಿಕೊಡು."

"ನಂಗೇನ್ಲಾ ಗೊತ್ತು. ನಾನು ಗಡಿಯಾರದೋನು."

"ತಾತ ಚುಕ್ಕಿ ನೋಡ್ಕೊಂಡೇ ನೀರು ಬಿಡ್ತಿದ್ರಂತೆ. ಊರೆಲ್ಲ ಹೇಳ್ತದೆ. ನಿನಗೆ ಹೇಳಿಕೊಡಲೇ ಇಲ್ವಾ?"

ಹೇಳಿಕೊಟ್ಟಿರಲಿಲ್ಲ ಎಂದರೆ ಸತ್ತ ತಂದೆಗೆ ಸುಳ್ಳು ಹೊರಿಸಿದಂತೆ. ಹೇಳಿಕೊಟ್ಟಿದ್ದ ಎಂದರೆ ಮುಂದಿನ ಪ್ರಶ್ನೆ ಬರುತ್ತದೆ. ದೊಡ್ಡಹನುಮಯ್ಯ ಚಾಪೆಯ ಮೇಲೆ ಮಗ್ಗುಲಾಗಿ, ಆಕಾಶಕ್ಕೆ ಬೆನ್ನು ಹಾಕಿ ಮಲಗಿದ.

ಆದರೆ ನಿದ್ದೆ ಬರಲಿಲ್ಲ. ಬಂದದ್ದು ಅಪ್ಪ.

ಅಪ್ಪನ ಹೆಸರು ವೆಂಕಟಯ್ಯ. ಒಣಗಿದ ಹುಣಸೆ ಕೊಂಬೆಯಂಥ ಆಳು, ಮಾತು ಕಡಿಮೆ. ಆ ಕಾಲಕ್ಕೆ ಊರಿನಲ್ಲಿ ಗಡಿಯಾರ ಇದ್ದದ್ದು ಎರಡೇ ಮನೆಯಲ್ಲಿ, ಅವೂ ಗೋಡೆ ಮೇಲೆ. ಹಗಲಿನ ಸರದಿಗೆ ನೆರಳು, ರಾತ್ರಿಯ ಸರದಿಗೆ ಚುಕ್ಕಿ. ಕತ್ತಲಾದಾಗಿನಿಂದ ಇಂಥ ಚುಕ್ಕಿ ಗುಡ್ಡದ ಮೇಲೆ ಮೂಡುವವರೆಗೆ ಒಬ್ಬರ ಗದ್ದೆಗೆ, ಅಲ್ಲಿಂದ ಬೆಳಗು ಹರಿಯುವವರೆಗೆ ಇನ್ನೊಬ್ಬರ ಗದ್ದೆಗೆ. ನೀರಿಗಾಗಿ ತಲೆ ಒಡೆದುಕೊಳ್ಳುತ್ತಿದ್ದ ಬೇಸಿಗೆಯಲ್ಲೂ ವೆಂಕಟಯ್ಯ "ಚುಕ್ಕಿ ಮೂಡ್ತು" ಎಂದರೆ ಯಾರೂ ಎದುರಾಡುತ್ತಿರಲಿಲ್ಲ. ಅಷ್ಟು ದೊಡ್ಡ ಮಾತಿನ ಮಗ ತಾನು ಎಂದು ಹನುಮಯ್ಯನಿಗೆ ಚಿಕ್ಕಂದಿನಲ್ಲಿ ನೆಲದ ಮೇಲೆ ಕಾಲು ನಿಲ್ಲುತ್ತಿರಲಿಲ್ಲ.

ಅಪ್ಪ ಅವನಿಗೆ ಆಕಾಶ ಕಲಿಸಿದ್ದು ಕೆರೆ ಏರಿಯ ಮೇಲೆ. ಹಾಸುಗಲ್ಲು ಹಗಲಿನ ಬಿಸಿ ಹಿಡಿದುಕೊಂಡಿರುತ್ತಿತ್ತು, ಅದರ ಮೇಲೆ ಅಂಗಾತ ಮಲಗಿಸಿ ಪಕ್ಕದಲ್ಲಿ ತಾನೂ ಮಲಗುತ್ತಿದ್ದ. ಬೆರಳು ಮಾಡಿ ಮಾತ್ರ ತೋರಿಸುತ್ತಿರಲಿಲ್ಲ. "ಬೆರಳು ನೋಡಿದೋನು ಬೆರಳು ಕಲೀತಾನೆ" ಎಂಬುದು ಅವನ ವಾದ. ಚುಕ್ಕಿಯ ನೆಂಟರನ್ನು ಕೇಳಬೇಕು, ಚುಕ್ಕಿಯನ್ನಲ್ಲ. ಚುಕ್ಕಿಗಳು ಮನುಷ್ಯರ ಹಾಗೆ ಒಂಟೊಂಟಿಯಾಗಿ ಸಂತೆಗೆ ಹೋಗುವುದಿಲ್ಲ, ಮನೆಮಂದಿಯನ್ನೆಲ್ಲ ಕಟ್ಟಿಕೊಂಡೇ ಹೊರಡುತ್ತವೆ. ಚಳಿಗಾಲಕ್ಕೆ ಆರು ಚುಕ್ಕಿಯ ಗೊಂಚಲು ಮುಂದೆ, ಅದರ ಹಿಂದೆ ಒಂದು ಕೆಂಪನೆಯದು, ಆಮೇಲೆ ಮೂರು ಚುಕ್ಕಿ ಒಂದರ ಮೇಲೊಂದು. ಒಂದೇ ಚುಕ್ಕಿಯನ್ನು ಇಡೀ ಬೆಳೆಗೆ ನೆಚ್ಚಿಕೊಂಡರೂ ಕೆಟ್ಟಿತು, ಏಕೆಂದರೆ ದಿನದಿಂದ ದಿನಕ್ಕೆ ಅದು ಒಸಿ ಒಸಿ ಬೇಗ ಮೂಡುತ್ತದೆ. ಹದಿನೈದು ದಿನಕ್ಕೊಂದು ಸಲ ಊರಿನ ನಾಲ್ಕು ಜನರನ್ನು ಏರಿಗೆ ಕರೆದು, ಇನ್ನು ಮೇಲೆ ಇಂಥ ಚುಕ್ಕಿ ಎಂದು ಹೇಳಿ ಬದಲಾಯಿಸಬೇಕು.

ಶಿವರಾತ್ರಿಯ ಆಸುಪಾಸಿಗೆ ಬರುವುದು ಚೇಳು. "ಮೊದ್ಲು ಚೇಳಿನ ತಲೆ ಗುಡ್ಡ ಹತ್ತದೆ. ಮೂರು ಚುಕ್ಕಿ, ಒಂದು ಸಾಲು. ಆಮೇಲೆ ಎಲ್ಡು ಬೀಡಿ ಸೇದುವಷ್ಟು ಹೊತ್ತು ಸುಮ್ಕಿರು. ಆಗ ಬತ್ತದೆ ಕೆಂಚುಕ್ಕಿ, ಚೇಳಿನ ಎದೆ ಮ್ಯಾಲೆ ಕೆಂಡ ಇಟ್ಟಂಗೆ. ತಲೆ ಕಾಣದೆ ಎದೆ ಕಂಡ್ರೆ ನಂಬಬ್ಯಾಡ ಮಗ." ಹೀಗೆ ಹೇಳಿ ಅಪ್ಪ ತನ್ನ ಟವೆಲಿನಿಂದ ಅವನ ಮುಖ ಮುಚ್ಚುತ್ತಿದ್ದ. ಟವೆಲಿಗೆ ಬೆವರು, ಬೀಡಿ, ಕಾಲುವೆ ಮಣ್ಣಿನ ವಾಸನೆ. ಸುಮಾರು ಹೊತ್ತಾದ ಮೇಲೆ ಟವೆಲು ತೆಗೆದು, "ಈಗ ಹೇಳು, ಎಷ್ಟೊತ್ತಾಯ್ತು" ಎಂದು ಪರೀಕ್ಷೆ. ಹನುಮಯ್ಯ ಎಷ್ಟೋ ಸಲ ಟವೆಲಿನ ಕೆಳಗೆ ನಿದ್ದೆಯೇ ಹೋಗಿರುತ್ತಿದ್ದ. ಅಪ್ಪ ಬಯ್ಯುತ್ತಿರಲಿಲ್ಲ, ಎತ್ತಿಕೊಂಡು ಮನೆಗೆ ನಡೆಯುತ್ತಿದ್ದ. ಅರೆನಿದ್ದೆಯಲ್ಲಿ ಅಪ್ಪನ ಹೆಗಲಾಚೆ ತಲೆಕೆಳಗಾಗಿ ತೂಗುತ್ತಿದ್ದ ಆ ಚುಕ್ಕಿಗಳು ಈಗಲೂ ಅವನಿಗೆ ಕಾಣುತ್ತವೆ. ಅಷ್ಟು ಸುಖ ಆಮೇಲೆ ಎಂದೂ ಸಿಗಲಿಲ್ಲ.

ಸಾವಿರದೊಂಬೈನೂರ ಎಂಬತ್ತನಾಲ್ಕು. ಅವನಿಗೆ ಇಪ್ಪತ್ತು ವರ್ಷ. ಶಿವರಾತ್ರಿ ಕಳೆಯುತ್ತಲೇ ಅಪ್ಪ ಜ್ವರದಲ್ಲಿ ಬಿದ್ದ. ಐದನೇ ದಿನ ರಾತ್ರಿ ಮೊದಲ ಬಾರಿಗೆ ಗುದ್ದಲಿ ಹನುಮಯ್ಯನ ಹೆಗಲಿಗೆ ಬಂತು. ಅಂದಿನ ಸರದಿ ಇಬ್ಬರದು. ಕತ್ತಲಾದಾಗಿನಿಂದ ಕೆಂಚುಕ್ಕಿ ಮೂಡುವವರೆಗೆ ಬೈರಮ್ಮನ ಗದ್ದೆಗೆ, ಆಮೇಲೆ ಬೆಳಗಿನವರೆಗೆ ಕರಿಯಪ್ಪನ ಗದ್ದೆಗೆ. ಕರಿಯಪ್ಪನದು ತೂಬಿನ ಹತ್ತಿರದ ಒಳ್ಳೆಯ ಭೂಮಿ. ಬೈರಮ್ಮನದು ಕಾಲುವೆಯ ಕಟ್ಟಕಡೆಯ ಅರ್ಧ ಎಕರೆ. ಗಂಡ ತೀರಿಕೊಂಡು ಎರಡು ವರ್ಷವಾಗಿತ್ತು, ಆಕೆಗೆ ಆಗ ಮೂವತ್ತು ದಾಟಿರಲಿಲ್ಲ, ಮಗುವನ್ನು ಬದುವಿನ ಮೇಲೆ ಮಲಗಿಸಿ ತಾನೇ ನೀರು ಕಟ್ಟುತ್ತಿದ್ದಳು. ಭತ್ತ ಹೊಡೆಗೆ ಬಂದು ತೆನೆ ಒಡೆಯುವುದರಲ್ಲಿತ್ತು. ಕೆರೆಯಲ್ಲಿ ನೀರು ತಳ ಸೇರಿತ್ತು.

ಸಂಜೆ ಕಾಲುವೆಗೆ ಹೊರಟಾಗ ಕರಿಯಪ್ಪನ ಹಿತ್ತಿಲಿನಿಂದ ಯಾರೋ ಕರೆದರು. ಹಸು ಕರು ಹಾಕಿತ್ತು, ಗಿಣ್ಣು ಕಾಸಿದ್ದರು. ಮುತ್ತುಗದೆಲೆ ತುಂಬ ಕೊಟ್ಟರು. ಬೆಲ್ಲ, ಏಲಕ್ಕಿ, ಬಿಸಿ ಬಿಸಿ ಗಿಣ್ಣು. ಇಪ್ಪತ್ತು ವರ್ಷದ ಹಸಿದ ಹುಡುಗ ಬೇಡ ಅನ್ನುತ್ತಾನೆಯೇ? ತಿಂದು, ಎಲೆ ಎಸೆದು, ಬಾಯಿ ಒರೆಸಿಕೊಂಡು ಹೋದ. ಇಷ್ಟೇ ಅವನು ಮಾಡಿದ ತಪ್ಪು ಎಂದು ಹೇಳಿ ಮುಗಿಸಿಬಿಡಬಹುದಿತ್ತು. ಹಾಗಾಗಲಿಲ್ಲ.

ಅಂದು ಗುಡ್ಡದ ಹುಲ್ಲಿಗೆ ಬೆಂಕಿ ಬಿದ್ದಿತ್ತು. ಬೇಸಿಗೆ ಬಂದರೆ ನಮ್ಮ ಗುಡ್ಡಗಳಿಗೆ ಯಾರಾದರೂ ಬೆಂಕಿ ಇಡುವವರೇ. ಹೊಗೆ ಮೂಡಣದ ಅಂಚಿನುದ್ದಕ್ಕೂ ಹರಡಿ, ಸಣ್ಣಪುಟ್ಟ ಚುಕ್ಕಿಗಳನ್ನೆಲ್ಲ ನುಂಗಿತ್ತು. ಹನುಮಯ್ಯ ಏರಿಯ ಮೇಲೆ ಕೂತ. ಶಿವರಾತ್ರಿಯ ಜಾಗರಣೆ, ಆಮೇಲೆ ನಾಲ್ಕು ರಾತ್ರಿ ಅಪ್ಪನ ಆರೈಕೆ, ಕಣ್ಣು ಎಳೆಯುತ್ತಿತ್ತು. ಒಂದು ಜೊಂಪು ಹತ್ತಿ ಬಿಟ್ಟಿತು. ಕಣ್ಣು ಬಿಟ್ಟಾಗ ಹೊಗೆಯ ನಡುವೆ, ಗುಡ್ಡದ ತಲೆಯ ಮೇಲೆ, ಕೆಂಪಗೆ ಒಂದು ಚುಕ್ಕಿ ನಿಂತಿತ್ತು. ಕೆಂಡದ ಹಾಗೆಯೇ ಇತ್ತು. ಎಷ್ಟೊತ್ತು ಮಲಗಿಬಿಟ್ಟೆನೋ, ಕರಿಯಪ್ಪನ ಸರದಿ ಮೀರಿತೋ ಎಂದು ದಡಬಡಿಸಿ ಎದ್ದ. ಚೇಳಿನ ತಲೆ ಎಲ್ಲಿ ಎಂದು ನೋಡಲಿಲ್ಲ. ಹೊಗೆಯಲ್ಲಿ ಅಡಗಿರಬೇಕು ಅಂದುಕೊಂಡ. ಓಡಿಹೋಗಿ ಕಾಲುವೆಗೆ ಮಣ್ಣು ಹಾಕಿ ಬೈರಮ್ಮನ ನೀರು ಕಟ್ಟಿ ಕರಿಯಪ್ಪನ ಗದ್ದೆಗೆ ತಿರುಗಿಸಿದ.

ಕೊನೆಗದ್ದೆಗೆ ನೀರು ಹರಿದು ಮುಟ್ಟಲಿಕ್ಕೇ ಅರ್ಧ ಸರದಿ ಬೇಕು. ಬೈರಮ್ಮನ ಗದ್ದೆಯಲ್ಲಿ ಒಂದು ಮಡಿ ತುಂಬಿ ಎರಡನೆಯದಕ್ಕೆ ನೀರು ಇಳಿಯುತ್ತಿದ್ದ ಹೊತ್ತಿಗೆ ಕಾಲುವೆ ಬರಿದಾಯಿತು. ಎಂಟು ದಿನದ ಮೇಲೆ ಮುಂದಿನ ಸರದಿ ಬರುವಷ್ಟರಲ್ಲಿ ತೂಬಿನ ಬಾಯಿಯೇ ಒಣಗಿತ್ತು. ಆ ಸಲ ಆಕೆಯ ಅರ್ಧ ಗದ್ದೆ ಬರೀ ಜೊಳ್ಳು.

ನೀರು ತಿರುಗಿಸಿದ ಮಾರನೆಯ ಬೆಳಿಗ್ಗೆಯೇ ಆಕೆ ಬಾವಿಕಟ್ಟೆಯ ಹತ್ತಿರ ಅವನನ್ನು ನಿಲ್ಲಿಸಿದಳು. ಬಯ್ಯಲಿಲ್ಲ.

"ಹನುಮ, ರಾತ್ರಿ ಯಾವ ಚುಕ್ಕಿ ನೋಡಿ ನೀರು ತಿರುಗಿಸ್ದೆ?"

"ಕೆಂಚುಕ್ಕಿ ಕಣವ್ವ. ಮೂಡಿತ್ತು."

"ಮೂಡಿತ್ತಾ?"

"ಮೂಡಿತ್ತು."

ಬೈರಮ್ಮ ಅವನ ಮುಖವನ್ನೇ ನೋಡಿದಳು. "ಕರಿಯಪ್ಪನೋರ ಹಿತ್ತಲಲ್ಲಿ ಗಿಣ್ಣು ತಿಂದ್ಯಂತೆ. ಒಂದೆಲೆ ಗಿಣ್ಣಿಗೆ ನನ್ನ ನೀರು ಮಾರ್ಕೊಂಡ್ಯಲ್ಲ" ಎಂದು ಕೊಡ ಸೊಂಟಕ್ಕಿಟ್ಟು ಹೊರಟುಹೋದಳು. ಅಲ್ಲಿಂದ ಮುಂದೆ ನಲವತ್ತು ವರ್ಷ ಆಕೆ ಅವನೊಂದಿಗೆ ಒಂದು ಮಾತೂ ಆಡಲಿಲ್ಲ.

ಮೂರು ದಿನದ ಮೇಲೆ ಗುಡ್ಡದ ಬೆಂಕಿ ಆರಿ, ಹೊಗೆ ಹರಿದು, ಆಕಾಶ ತಿಳಿಯಾಯಿತು. ಹನುಮಯ್ಯ ಏರಿಯ ಮೇಲೆ ನಿಂತು ಮೂಡಣ ನೋಡುತ್ತಿದ್ದ. ಕೆಂಪು ಚುಕ್ಕಿ ಮೂಡಿತು, ಒಂಟಿಯಾಗಿ, ನೆಂಟರಿಲ್ಲದೆ. ಅದು ಗುಡ್ಡ ಬಿಟ್ಟು ಎಷ್ಟೋ ಮೇಲೆ ಹೋದಮೇಲೆ ಚೇಳಿನ ತಲೆ ಬಂತು. ಅದರ ಹಿಂದೆ, ಎರಡು ಬೀಡಿ ಹೊತ್ತಿಗೆ, ನಿಜವಾದ ಕೆಂಚುಕ್ಕಿ. ಎರಡೂ ಕೆಂಪು. ಎಲ್ಲಿಂದಲೋ ಬಂದ ದಾರಿಹೋಕ ಚುಕ್ಕಿಯೊಂದು ಕೆಂಚುಕ್ಕಿಯ ವೇಷ ಹಾಕಿಕೊಂಡು ಅವನಿಗೆ ಮೋಸ ಮಾಡಿತ್ತು.

ಮನೆಗೆ ಓಡಿಬಂದು ಅಪ್ಪನಿಗೆ ಹೇಳಿದ. ಈಗಲೇ ಹೋಗಿ ಬೈರಮ್ಮನಿಗೂ ಊರಿಗೂ ಹೇಳುತ್ತೇನೆ ಎಂದ. ವೆಂಕಟಯ್ಯ ಎದ್ದು ಗೋಡೆಗೆ ಒರಗಿ ಕೂತ.

"ಬ್ಯಾಡ. ಕದ್ದ ಅಂದ್ರೆ ಊರು ಒಂದು ಸಲ ಬಯ್ತದೆ, ಆಮೇಲೆ ಮರೀತದೆ. ಚುಕ್ಕಿ ಗೊತ್ತಿಲ್ಲ ಅಂದ್ರೆ ಗುದ್ದಲಿ ಕಿತ್ಕೊಂಡು ಬ್ಯಾರೆಯೋರಿಗೆ ಕೊಡ್ತದೆ. ನಮಗೆ ಇನ್ನೇನೈತೆ ಮಗ, ಈ ಗುದ್ದಲಿ ಬುಟ್ರೆ? ಸುಮ್ಕಿದ್ದುಬುಡು."

ಆ ಯುಗಾದಿಯನ್ನು ಅಪ್ಪ ಕಾಣಲಿಲ್ಲ. ಸಾಯುವವನಿಗೆ ಕೊಟ್ಟ ಮಾತು ಅದು. ಹನುಮಯ್ಯ ಸುಮ್ಮನಿದ್ದ. ಊರಿನ ಕಣ್ಣಲ್ಲಿ ಗಿಣ್ಣಿಗೆ ಬಾಯಿಬಿಟ್ಟವನಾಗಿಯೇ ಉಳಿದ, ಗುದ್ದಲಿಯೂ ಅವನ ಕೈಯಲ್ಲೇ ಉಳಿಯಿತು. ಊರು, ಅಪ್ಪ ಹೇಳಿದ ಹಾಗೆಯೇ, ಎರಡು ತಿಂಗಳಲ್ಲಿ ಮರೆಯಿತು. ಮರೆಯದವಳು ಒಬ್ಬಳು ಮಾತ್ರ.

ಮುಂದಿನ ಸುಗ್ಗಿ ಮುಗಿಯುತ್ತಲೇ ಅವನು ಚನ್ನಪಟ್ಟಣಕ್ಕೆ ಹೋಗಿ ಗಡಿಯಾರ ತಂದ. ಇನ್ನು ಮೇಲೆ ಗಂಟೆ ಲೆಕ್ಕ, ಇಷ್ಟು ಗಂಟೆಗೆ ಇಂಥವರಿಗೆ ಎಂದು ಊರಿಗೆ ಸಾರಿದ. ಕಾಲಕ್ಕೆ ತಕ್ಕ ಹುಡುಗ ಎಂದು ಎಲ್ಲರೂ ಹೊಗಳಿದರು. ಚುಕ್ಕಿಯನ್ನು ನೋಡಲು ಹೆದರಿ ಗಡಿಯಾರ ಕಟ್ಟಿಕೊಂಡವನಿಗೆ ಆ ಹೊಗಳಿಕೆ ಮೈಮೇಲೆ ಮುಳ್ಳು. ತಲೆತಲಾಂತರದಿಂದ ಬಂದ ವಿದ್ಯೆ ಅವನ ಒಂದು ರಾತ್ರಿಯ ಜೊಂಪಿನಲ್ಲಿ ಮುಗಿದುಹೋಯಿತು.

ನೀರುಗಂಟಿಗೆ ಕಣದಲ್ಲಿ ಆಯ ಕೊಡುವುದು ಪದ್ಧತಿ, ಗದ್ದೆಗೆ ಇಷ್ಟು ಎಂದು ಭತ್ತದ ಪಾಲು. ಜೊಳ್ಳಿನ ವರ್ಷ ಒಂದನ್ನು ಬಿಟ್ಟು ಬೈರಮ್ಮ ಯಾವತ್ತೂ ತಪ್ಪಿಸಲಿಲ್ಲ. ಮೊರ ತುಂಬ ತಂದು, ತಲೆ ಬಗ್ಗಿಸಿಕೊಂಡೇ ಅವನ ಚೀಲಕ್ಕೆ ಸುರಿದು ಹೋಗುತ್ತಿದ್ದಳು. ಒಂದು ಕಾಳೂ ಕಡಿಮೆ ಇರುತ್ತಿರಲಿಲ್ಲ. ಮುಂಚೆ ಇದೇ ಬೈರಮ್ಮ "ಹನುಮ, ಮಜ್ಜಿಗೆ ಕುಡ್ದು ಹೋಗ್ಲಾ" ಎಂದು ಬದುವಿನಿಂದ ಕೂಗುತ್ತಿದ್ದವಳು. ಕೊಡದೆ ಜಗಳ ಆಡಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು.

ವರ್ಷಗಳು ಕಳೆದಂತೆ ಇನ್ನೊಂದು ಪೀಡೆ ಹತ್ತಿಕೊಂಡಿತು. ಆ ದಾರಿಹೋಕ ಚುಕ್ಕಿ ಕೆಲವು ತಿಂಗಳು ಇದ್ದು ಎತ್ತಲೋ ಹೊರಟುಹೋಗಿತ್ತು. ಅದನ್ನು ಕಂಡಿದ್ದೆ ಎನ್ನುವ ಇನ್ನೊಬ್ಬರಿಲ್ಲ. ಅಪ್ಪ ಇಲ್ಲ. ನಿಜವಾಗಿ ಎರಡು ಚುಕ್ಕಿ ಇದ್ದವೋ, ಇಲ್ಲ ಗಿಣ್ಣಿನ ಋಣಕ್ಕೆ ಮನಸ್ಸೇ ಕಣ್ಣಿಗೆ ಸುಳ್ಳು ಹೇಳಿತೋ? ಅರವತ್ತು ದಾಟುವ ಹೊತ್ತಿಗೆ ದೊಡ್ಡಹನುಮಯ್ಯನಿಗೆ ತನ್ನ ಮೇಲೆಯೇ ನಂಬಿಕೆ ಉಳಿದಿರಲಿಲ್ಲ. ಮಗ ಬರುವ ಹಿಂದಿನ ತಿಂಗಳು ಬೈರಮ್ಮ ಬಿದ್ದು ರಾಮನಗರದ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದಳು ಎಂದು ಕೇಳಿದಾಗಿನಿಂದ ಒಂದೇ ಯೋಚನೆ. ಆಕೆ ಹೋಗಿಬಿಟ್ಟರೆ ತಾನು ಕಳ್ಳನಾಗಿಯೇ ಉಳಿದೆ. ತಾನು ಹೋಗಿಬಿಟ್ಟರೂ ಅಷ್ಟೆ.

ಇಷ್ಟನ್ನೂ ನೆನೆಯುತ್ತ ಮಲಗಿದ್ದವನ ಬೆನ್ನ ಹಿಂದೆ ಮಗ ಮೊಬೈಲು ಹಿಡಿದು ಏನೋ ಗೊಣಗುತ್ತಿದ್ದ. "ಇದು ತುಲಾ ಅಂತದೆ... ಇಲ್ಲಿ ವೃಶ್ಚಿಕ ಇರ್ಬೇಕು... ಎಲ್ಲಿ?"

ತಡೆಯಲಾರದೆ ದೊಡ್ಡಹನುಮಯ್ಯ ಅಂಗಾತನಾದ. ಕೃತ್ತಿಕೆ ಮಳೆ ಸಂಜೆ ನಾಲ್ಕು ಹನಿ ಹಾಕಿ, ಆಕಾಶ ತೊಳೆದಿಟ್ಟು ಹೋಗಿತ್ತು. ಎದುರಿಗೇ ನಿಂತಿತ್ತು ಚೇಳು. ಎಷ್ಟೋ ವರ್ಷಗಳ ಮೇಲೆ ಸಿಕ್ಕ ಸ್ವಂತ ಊರಿನವರ ಹಾಗೆ ಎಲ್ಲವೂ ಇದ್ದಲ್ಲೇ ಇದ್ದವು.

"ಬೆರಳು ತೋರ್ಸಬ್ಯಾಡ ಮಕ್ಕಳಿಗೆ" ಎಂದ. "ಮೂರು ಚುಕ್ಕಿ ಒಂದು ಸಾಲು ಐತೆ ನೋಡು, ಗುಡ್ಡದ ಮ್ಯಾಲೆ. ಅದು ತಲೆ. ಅದರ ಕೆಳಗೆ ಕೆಂಪಗೆ ಒಂದು, ಆಚೆಗೊಂದು ಈಚೆಗೊಂದು ಸಣ್ಣ ಚುಕ್ಕಿ ಕಾವಲು. ಅಲ್ಲಿಂದ ಬಾಲ ಇಳೀತದೆ, ಕೊಂಡಿ ಹಂಗೇ ಮ್ಯಾಕೆ ಸುತ್ಕೊಂಡೈತೆ."

ಮಹೇಂದ್ರ ಮೊಬೈಲು ಕೆಳಗಿಟ್ಟು ನೋಡಿದ. "ಅಪ್ಪಾ, ಚೇಳೇ ಕಣಪ್ಪ ಅದು" ಎಂದ. ಮೂವತ್ತೆಂಟು ವರ್ಷದ ಮೇಷ್ಟ್ರ ದನಿ ಎಂಟು ವರ್ಷದ ಹುಡುಗನದಾಗಿತ್ತು. ಆ ಖುಷಿಗೆ ಅವನೂ ತನ್ನ ವಿದ್ಯೆ ತೋರಿಸಿದ. "ಈ ಆ್ಯಪ್‌ನಲ್ಲಿ ಹಳೇ ತಾರೀಖು ಹಾಕಿದ್ರೂ ಆಯ್ತು. ಆವತ್ತಿನ ರಾತ್ರಿ ಆಕಾಶ ಹೆಂಗಿತ್ತೋ ಹಂಗೇ ತೋರಿಸ್ತದೆ."

ದೊಡ್ಡಹನುಮಯ್ಯ ಎದ್ದು ಕೂತ. "ಯಾವ ವರ್ಷದ್ದಾದ್ರೂ?"

"ಯಾವುದಾದ್ರೂ."

"ನಿಮ್ಮ ತಾತ ಹೋದ ವರ್ಷದ್ದು. ಶಿವರಾತ್ರಿ ಆಗಿ ಐದನೇ ದಿನ."

ಮಗ ಆ ವರ್ಷದ ಶಿವರಾತ್ರಿ ಯಾವತ್ತು ಎಂಬುದನ್ನು ಹುಡುಕಿ, ಐದು ದಿನ ಕೂಡಿಸಿ, ಮಾರ್ಚ್ ಮೊದಲ ವಾರಕ್ಕೆ ತಂದು ನಿಲ್ಲಿಸಿದ. ಗಾಜಿನ ಮೇಲೆ ಬೆರಳು ಜರುಗಿಸಿದಂತೆ ಆ ರಾತ್ರಿ ಹೊತ್ತೇರತೊಡಗಿತು. ಹತ್ತು ಗಂಟೆ, ಹತ್ತೂವರೆ. ಹನ್ನೊಂದು ದಾಟುತ್ತಲೇ ಮೂಡಣದ ಗೆರೆಯಿಂದ ಒಂದು ಕೆಂಪು ಚುಕ್ಕಿ ಮೇಲೆ ಬಂತು.

"ತಡಿ. ತಡಿ. ಅದೇನು?"

"ಮಂಗಳ ಗ್ರಹ. ಅದರ ಮೇಲ್ಗಡೆ ಇರೋದು ಶನಿ."

"ಇನ್ನೂ ಮುಂದಕ್ಕೆ ತಗೊಂಡು ಹೋಗು."

ಹನ್ನೆರಡರ ಹೊತ್ತಿಗೆ ಚೇಳಿನ ತಲೆ ಮೂಡಿತು. ಹನ್ನೆರಡು ಕಳೆದು ಇನ್ನಷ್ಟು ಹೊತ್ತಾದ ಮೇಲೆ ಕೆಂಚುಕ್ಕಿ. ಮೊದಲಿನದಕ್ಕೂ ಇದಕ್ಕೂ ಒಂದು ಗಂಟೆಗೂ ಹೆಚ್ಚು ಅಂತರ. ದೊಡ್ಡಹನುಮಯ್ಯ ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಅಳತೊಡಗಿದ. ಏನಾಯಿತೆಂದು ಮಗ ಗಾಬರಿಯಾಗಿ ಅಮ್ಮನನ್ನು ಕೂಗಿದ. ದೊಡ್ಡಲಕ್ಷ್ಮಮ್ಮ ಮೆಟ್ಟಿಲು ಹತ್ತಿ ಬಂದಳು. ಅಪ್ಪನಿಗೆ ಕೊಟ್ಟ ಮಾತನ್ನು ಮುರಿದು ಅವನು ಮೊದಲ ಬಾರಿಗೆ ಎಲ್ಲವನ್ನೂ ಹೇಳಿದ. ಗಿಣ್ಣಿನದನ್ನೂ ಬಿಡಲಿಲ್ಲ.

ಹೆಂಡತಿ ಸೆರಗಿನಲ್ಲಿ ಮೂಗು ಒರೆಸಿಕೊಂಡಳು. "ಅದುಕ್ಕೇನಾ ನಾನು ಗಿಣ್ಣು ಮಾಡ್ದಾಗೆಲ್ಲ ಹೊಟ್ಟೆ ನೋವು ಅಂತಿದ್ದಿದ್ದು" ಎಂದಳು. ಆಮೇಲೆ, "ಇದನ್ನ ನಮಗೆ ತೋರ್ಸಿ ಏನ್ ಬಂತು? ಬೈರಮ್ಮಾರಿಗೆ ತೋರ್ಸಿ" ಎಂದಳು.

ಮಾರನೆಯ ದಿನ ಕತ್ತಲಾದ ಮೇಲೆ ಮಗನ ಬೈಕಿನಲ್ಲಿ ಹೊರಟ. ಬೈರಮ್ಮನ ಮನೆ ಮೇಲಿನ ಬೀದಿಯಲ್ಲಿದೆ. ಸೊಸೆ ರಮ್ಯಾ ಅಂಗಳದಲ್ಲಿ ರೇಷ್ಮೆ ತಟ್ಟೆ ತೊಳೆಯುತ್ತಿದ್ದವಳು ಬೆರಗಿನಿಂದ ಎದ್ದಳು. ಈ ಮನೆಗೆ ನೀರುಗಂಟಿ ಬಂದದ್ದನ್ನು ಅವಳು ಕಂಡೇ ಇರಲಿಲ್ಲ. ಜಗಲಿಯ ಮೇಲೆ ಊರುಗೋಲು ಪಕ್ಕಕ್ಕಿಟ್ಟುಕೊಂಡು ಬೈರಮ್ಮ ಕೂತಿದ್ದಳು. ದೊಡ್ಡಹನುಮಯ್ಯ ಜಗಲಿಯ ಕೆಳಗೆ ನಿಂತ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತು ಒಂದೂ ನೆನಪಿಗೆ ಬರಲಿಲ್ಲ.

"ಅವ್ವಾ, ನಾನು ನಿಮ್ಮ ನೀರು ಮಾರ್ಕೊಳ್ಲಿಲ್ಲ" ಎಂದ.

ಬೈರಮ್ಮ ಊರುಗೋಲನ್ನು ಇನ್ನಷ್ಟು ಪಕ್ಕಕ್ಕೆ ಸರಿಸಿದಳು.

"ಆವತ್ತು ಎರಡು ಕೆಂಪು ಚುಕ್ಕಿ ಇದ್ವು. ನಾನು ಮೊದಲನೇದನ್ನ ನೋಡಿ ಕೆಂಚುಕ್ಕಿ ಅಂದ್ಕೊಂಡುಬುಟ್ಟೆ. ನೋಡಿ, ಇದ್ರಲ್ಲಿ ಐತೆ. ಆವತ್ತಿನ ಆಕಾಶ." ಮೊಬೈಲನ್ನು ಜಗಲಿಯ ಮೇಲೆ ಇಟ್ಟ. "ಮಂಗಳ ಬಂದು ಕೂತಿತ್ತು ಕಣವ್ವಾ. ನಂಗೆ ತಿಳೀಲಿಲ್ಲ. ಮೂರು ದಿನ ಆದ್ಮೇಲೆ ತಿಳೀತು. ಚುಕ್ಕಿ ಗೊತ್ತಿಲ್ಲ ಅಂದ್ರೆ ಗುದ್ದಲಿ ಕಿತ್ಕೊಂತಾರೆ ಅಂತ ಅಪ್ಪ ಹೇಳ್ದ. ಬಾಯಿ ಮುಚ್ಕೊಂಡಿದ್ದೆ."

ಬೈರಮ್ಮ ಮೊಬೈಲಿನ ಕಡೆ ನೋಡಲಿಲ್ಲ. ಬೆರಳ ತುದಿಯಿಂದ ಅದನ್ನು ಅವನ ಕಡೆಗೇ ಸರಿಸಿದಳು.

"ಇದ್ಯಾಕೆ ನಂಗೆ? ಆವತ್ತು ನಾನೇ ನೋಡಿದ್ನಲ್ಲ."

ದೊಡ್ಡಹನುಮಯ್ಯನಿಗೆ ಅರ್ಥವಾಗಲಿಲ್ಲ.

"ಬದು ಮ್ಯಾಲೆ ಕೂತಿದ್ದೆ. ನೀರು ನಿಂತೋಯ್ತು. ತಲೆ ಎತ್ತಿ ನೋಡಿದ್ರೆ ಕೆಂಪಗೆ ಯಾವುದೋ ಒಂದು ಒಂಟಿಯಾಗಿ ನಿಂತದೆ. ಚೇಳಿನ ತಲೆ ಇನ್ನೂ ಬಂದೇ ಇಲ್ಲ. ಮಗೀನ ತೊಡೆ ಮ್ಯಾಲೆ ಹಾಕ್ಕೊಂಡು ಕಾದೆ. ಎಷ್ಟೋ ಹೊತ್ತಾದ ಮ್ಯಾಲೆ ಹೊಗೆ ಒಸಿ ಹರೀತು, ತಲೆ ಬಂತು, ಆಮೇಲೆ ಕೆಂಚುಕ್ಕಿ ಬಂತು."

"ನಿಮಗೆ ಚುಕ್ಕಿ..."

"ನಿಮ್ಮಪ್ಪನೇ ಕಲಿಸಿದ್ದು. ನಮ್ಮೋರು ಹೋದ ವರ್ಷ. ಕೊನೆಗದ್ದೆಯೋರಿಗೆ ಆಕಾಶ ಗೊತ್ತಿರ್ಬೇಕು ಕಣವ್ವ, ಇಲ್ದಿದ್ರೆ ಯಾರಾದ್ರೂ ಮೋಸ ಮಾಡ್ತಾರೆ ಅಂತ. ಇದೇ ಅಂಗಳದಲ್ಲಿ ನಿಂತ್ಕೊಂಡು ಒಂದು ತಿಂಗಳು ಹೇಳ್ಕೊಟ್ಟ." ಆಕೆ ಊರುಗೋಲನ್ನು ಹುಡುಕಿ ಕೈಗೆ ತೆಗೆದುಕೊಂಡಳು. "ನಂಗೇ ಗೊತ್ತಾದದ್ದು ವೆಂಕಟಯ್ಯನ ಮಗನಿಗೆ ಗೊತ್ತಾಗ್ದೆ ಇರ್ತದಾ? ಗೊತ್ತಿದ್ದೂ ತಿರುಗಿಸ್ದ, ಅಂದ್ರೆ ಮಾರ್ಕೊಂಡ ಅಂತಲೇ ಅರ್ಥ. ನಿನಗೆ ಗೊತ್ತಿಲ್ದೆ ಇರ್ಬೌದು ಅಂತ ನಂಗೆ ಒಂದು ದಿನವೂ ಹೊಳೀಲಿಲ್ಲ ಹನುಮ."

ಹನುಮ ಎಂದಳು. ಆ ಹೆಸರಿನಿಂದ ಕರೆಯುವವರು ಯಾರೂ ಉಳಿದಿರಲಿಲ್ಲ. ದೊಡ್ಡಹನುಮಯ್ಯ ಜಗಲಿಯ ಕಂಬ ಹಿಡಿದುಕೊಂಡ. ಯಾವುದನ್ನು ಮುಚ್ಚಿಡಲು ನಲವತ್ತು ವರ್ಷ ಕಳ್ಳನೆಂಬ ಹೆಸರು ಹೊತ್ತನೋ, ಅದನ್ನು ಹೇಳಿದ್ದಿದ್ದರೆ ಅಂದೇ ಕಳ್ಳತನದಿಂದ ಪಾರಾಗುತ್ತಿದ್ದ.

"ಗೊತ್ತಿಲ್ಲ ಅಂತ ಒಂದು ಮಾತು ಅಂದಿದ್ರೆ ಆಗ್ತಿತ್ತಲ್ಲೋ" ಎಂದಳು ಬೈರಮ್ಮ. ಆಕೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ದುಃಖವಿತ್ತು. "ನಾನೇ ತೋರಿಸ್ಕೊಡ್ತಿದ್ನಲ್ಲ. ನಿಮ್ಮಪ್ಪನ ಗುದ್ದಲಿ ನಾನ್ಯಾಕೆ ಹೋಗೋಕೆ ಬುಡ್ತಿದ್ದೆ?"

ಬೈರಮ್ಮ ಕೋಲೂರಿ ಜಗಲಿಯಿಂದ ಇಳಿಯಲು ಕಾಲು ಚಾಚಿದಳು. ಸೊಸೆ ಓಡಿಬಂದಳು. ಸೊಸೆಯನ್ನು ಕೈಯಲ್ಲೇ ತಡೆದು, ಆಕೆ ಅವನ ತೋಳಿನ ಮೇಲೆ ಭಾರ ಹಾಕಿ ಇಳಿದಳು. ಬೀದಿ ದೀಪದ ಬೆಳಕು ಬೀಳದ ಹಿತ್ತಿಲಿನ ಮೂಲೆಗೆ ಇಬ್ಬರೂ ನಡೆದರು. ಗಡಿಯಾರ ಕಟ್ಟಿದ್ದ ಆ ಮಣಿಕಟ್ಟನ್ನೇ ಹಿಡಿದುಕೊಂಡು ಆಕೆ ನಿಂತು, ತೆಂಕಣ ಮೂಡಣದ ಮೂಲೆಗೆ ಕೋಲು ಎತ್ತಿದಳು.

"ಮೊದ್ಲು ತಲೆ ನೋಡ್ಬೇಕು. ಮೂರು ಚುಕ್ಕಿ, ಒಂದು ಸಾಲು. ಕಂಡ್ವಾ?"

"ಕಂಡ್ವು ಕಣವ್ವ."

"ಅಲ್ಲಿಂದ ಒಸಿ ಕೆಳಕ್ಕೆ ಬಾ. ಕೆಂಪಗೆ ಐತಲ್ಲ, ಅದು ಕೆಂಚುಕ್ಕಿ. ಕಾಣ್ತದಾ?"

ಮನೆಯ ಮುಂದೆ ಬೈಕಿನಿಂದ ಇಳಿದಾಗಲೇ ಅವನಿಗೆ ಅದು ಕಂಡಿತ್ತು. ಎಲ್ಲ ನೆಂಟರೊಡನೆ, ಇರಬೇಕಾದಲ್ಲೇ ಇತ್ತು. ದೊಡ್ಡಹನುಮಯ್ಯ ಕಣ್ಣು ಒರೆಸಿಕೊಂಡ.

"ಇಲ್ಲ ಕಣವ್ವ, ಗೊತ್ತಾಗ್ತಿಲ್ಲ" ಎಂದ. "ಇನ್ನೊಂದು ಸಲ ತೋರ್ಸಿ."